ಯಾರ ಎಂಜಲು

ಬಸ್ಸು ಬರುವ ಮೊದಲೇ ನಾಗಲಕ್ಷ್ಮಮ್ಮನ ಬಾಯಿ ಒಣಗಿಹೋಗಿತ್ತು. ಮನೆ ಬಿಡುವಾಗ ಒಂದು ಲೋಟ ನೀರು ಕುಡಿದಿದ್ದಳು. ಬಾಬುರಾಯನಕೊಪ್ಪಲಿನ ದೊಡ್ಡ ರಸ್ತೆಗೆ ಬಂದು ನಿಲ್ಲುವಷ್ಟರಲ್ಲಿ ನಾಲಗೆ ಅಂಗುಳಕ್ಕೆ ಅಂಟಿ, ಅದರ ಮೇಲೆ ಮತ್ತೆ ಆ ಹತ್ತಿಯ ರುಚಿ ಎದ್ದಿತ್ತು. ರುಚಿ ಎನ್ನುವುದಕ್ಕೂ ಆಗದು. ಬಾಯಲ್ಲಿದ್ದುದನ್ನೆಲ್ಲ ಹೀರಿಕೊಂಡು ಮಿಕ್ಕ ಒಂದು ಬರಡುತನ. ಗೌರಿ ಹಬ್ಬಕ್ಕೆ ಮೊದಲು ಜಗಿದ ಹತ್ತಿ, ದೀಪಾವಳಿ ಕಳೆದರೂ ಬಾಯಿ ಬಿಟ್ಟು ಹೋಗಿಲ್ಲ. ಅದನ್ನು ಜಗಿಯಬೇಕಾಗಿದ್ದವಳು ಪಕ್ಕದಲ್ಲಿ ನಿಂತಿದ್ದಾಳೆ, ಮೊಮ್ಮಗಳು ಹರ್ಷಿತ, ನಾಲ್ಕನೆಯ ಕ್ಲಾಸು. ಜಗಿದವಳು ತಾನು. ಈ ಸಂಗತಿ ಅವರಿಬ್ಬರಿಗೆ ಮತ್ತು ದೇವರ ಮನೆಯ ಕಾಳಮ್ಮನಿಗೆ ಬಿಟ್ಟರೆ ಇನ್ನೊಬ್ಬರಿಗೆ ತಿಳಿಯದು. ಇವತ್ತು ಮೈಸೂರಿನ ಡಾಕ್ಟರು ಶಾಲೆಗೆ ಬಂದು ಆ ಹತ್ತಿಯಲ್ಲಿ ಏನು ಸಿಕ್ಕಿತೆಂದು ಹೇಳುತ್ತಾರಂತೆ. ಅದನ್ನು ಕೇಳಿ, ಹುಡುಗಿಯನ್ನು ಶಾಲೆಯಲ್ಲಿ ಇಟ್ಟುಕೊಳ್ಳುವುದೋ ಹೆಸರು ಹೊಡೆದು ಕಳಿಸುವುದೋ ಎಂದು ಹೆಡ್ ಮಾಸ್ಟರು ತೀರ್ಮಾನ ಮಾಡುತ್ತಾರಂತೆ. ಎಂಜಲು ನೋಡಿ ತೀರ್ಮಾನ. ಎಂಜಲೆಂದರೆ ತೊಳೆಯುವುದು, ಸಗಣಿ ಹಾಕಿ ಸಾರಿಸುವುದು, ಮುಟ್ಟಿದ ಕೈಯನ್ನು ಕೂಡ ಬೇರೆ ಇಟ್ಟುಕೊಳ್ಳುವುದು. ಅದನ್ನು ಶೀಸೆಯಲ್ಲಿ ತುಂಬಿ, ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು, ಕಾರಿನಲ್ಲಿ ಕೂರಿಸಿಕೊಂಡು ಹೋಗುವ ಕಾಲವನ್ನು ನೋಡುವುದಕ್ಕೆ ಭಗವಂತ ತನ್ನನ್ನು ಉಳಿಸಿದ, ಉಳಿಯಬೇಕಾದವನನ್ನು ಕರೆದುಕೊಂಡ.

"ಏನ್ ನಾಗಲಕ್ಷ್ಮಕ್ಕ, ಇಸ್ಕೂಲ್ಗಾ?" ಪಕ್ಕದ ಬೀದಿಯ ಪಾರ್ವತಮ್ಮ, ಡೇರಿಗೆ ಹಾಲು ಹಾಕಿ ಖಾಲಿ ಕ್ಯಾನು ಹಿಡಿದು ಬರುತ್ತಿದ್ದವಳು, ರಸ್ತೆಯ ಆಚೆಯಿಂದಲೇ ಕೇಳಿದಳು. "ಮೊಮ್ಮಗ್ಳು ಡಾಕ್ಟ್ರು ಕಡೆ ಹುಡುಗುಂದು ಬೆಳ್ಳು ಕಚ್ಬುಟ್ಲಂತೆ. ಊರೆಲ್ಲ ಅದೇ ಮಾತು."

"ಊರ್ಗೆ ಬ್ಯಾರೆ ಕೆಲ್ಸ ಇಲ್ವಲ್ಲ, ಆಡ್ಕೊಳ್ಲಿ ಬುಡು."

"ನಾ ಆಡ್ಕೊಂಡಿದ್ದಲ್ಲ ಕಣಕ್ಕ. ಹಲ್ಲು ಗಟ್ಟಿ ಇರೋವಾಗ್ಲೆ ಕಚ್ಬೇಕು. ನಮ್ಮಂಗೆ ಬೊಚ್ಚುಬಾಯಿ ಆದ್ಮೇಲೆ ಯಾರ್ನ ಕಚ್ಚಾದು?" ಪಾರ್ವತಮ್ಮ ನಕ್ಕು, ಹರ್ಷಿತಳ ಗಲ್ಲ ಹಿಡಿಯಲು ಕೈ ಚಾಚಿ, ಏನೋ ನೆನಪಾದವಳಂತೆ ಹಿಂದಕ್ಕೆ ತೆಗೆದುಕೊಂಡಳು. ಆ ಕೈ ಹಿಂದಕ್ಕೆ ಹೋದದ್ದನ್ನು ನಾಗಲಕ್ಷ್ಮಮ್ಮ ನೋಡಿದಳು. ಹರ್ಷಿತಳೂ ನೋಡಿದಳು, ನೋಡಿ, ಎದುರಿನ ಕಬ್ಬಿನ ಗದ್ದೆಯ ಕಡೆಗೆ ಮುಖ ತಿರುಗಿಸಿಕೊಂಡಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಹುಡುಗಿಯನ್ನು ಕೂರಿಸಿ ತಾನು ಈಚೆ ಕೂತಳು. ಗಾಳಿಗೆ ಹುಡುಗಿಯ ಜಡೆಯ ರಿಬ್ಬನ್ನು ಕೆನ್ನೆಗೆ ಹೊಡೆಯುತ್ತಿತ್ತು. ಅವಳು ಅದನ್ನು ಸರಿಸಲಿಲ್ಲ. ಹೊಡೆಯಲಿ ಎಂದು ಬಿಟ್ಟುಕೊಂಡವಳ ಹಾಗೆ ಕೂತಿದ್ದಳು. ಆ ಡಾಕ್ಟರು ಮೊದಲ ಸಲ ಬಂದಾಗಲೂ ಇವಳು ಹೀಗೆಯೇ ಕೂತಿದ್ದಳು, ಹೆಡ್ ಮಾಸ್ಟರ ಕೋಣೆಯ ಹೊರಗಿನ ಕಲ್ಲು ಜಗಲಿಯ ಮೇಲೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ನಾಲ್ಕು ತಾಲ್ಲೂಕಿನ ಶಾಲೆಗಳಲ್ಲಿ ತಂಟೆಯ ಮಕ್ಕಳನ್ನು ಆರಿಸಿ ಪರೀಕ್ಷೆ ಮಾಡುತ್ತೇವೆ ಎಂದು ಅವರು ಹೇಳಿದ್ದರು. ಚೆನ್ನಾಗಿಯೇ ಮಾತಾಡಿದ್ದರು, ಸಣ್ಣ ವಯಸ್ಸು, ರಘುನಂದನ್ ಎಂದು ಹೆಸರು, ಕನ್ನಡಕದ ಹಿಂದೆ ನಿದ್ದೆಗೆಟ್ಟ ಕಣ್ಣು. "ಮನೇಲಿ ಮಗುವಿಗೆ ಒತ್ತಡ ಏನಾದರೂ ಇದೆಯಾಮ್ಮ?" ಎಂದು ಕೇಳಿದ್ದರು. ಅವಳು, "ಒತ್ತಡ ಎಲ್ಲಿ ಬಂತು ಸ್ವಾಮಿ, ದೊಡ್ ಮನೆ, ಇರೋರು ಮೂರೇ ಜನ, ಕೈಕಾಲು ಚಾಚ್ಕೊಂಡು ಮನೀಕೊಬೋದು," ಎಂದಿದ್ದಳು. ಡಾಕ್ಟರು ನಗಲಿಲ್ಲ, ಏನೋ ಗೀಚಿಕೊಂಡರು. ಹೆಡ್ ಮಾಸ್ಟರು ನಕ್ಕರು. ಏಕೆ ನಕ್ಕರೆಂದು ಆಗ ಗೊತ್ತಾಗಲಿಲ್ಲ. ಮನೆಗೆ ಬಂದು ಗಂಡನ ಹತ್ತಿರ ಹೇಳಿದಾಗ ರಾಮಚಂದ್ರಾಚಾರಿ ತಲೆ ಎತ್ತದೆ, "ಒತ್ತಡ ಅಂದ್ರೆ ಜಾಗದ್ದಲ್ಲ ಕಣೇ. ಮನಸ್ಸಿಂದು," ಎಂದ. ಮನಸ್ಸಿನದು. ಹಾಗಾದರೆ ದುಃಖ ಎಂದು ಕೇಳಬಾರದಿತ್ತೇ ಆ ಮನುಷ್ಯ? ದಿಗಿಲು ಎಂದು ಕೇಳಬಾರದಿತ್ತೇ? ಮನೆಯಲ್ಲಿ ಯಾರಾದರೂ ಸತ್ತರೇ ಎಂದು ಬಾಯಿ ಬಿಟ್ಟು ಕೇಳುವುದಕ್ಕೆ ಇವರಿಗೆ ಯಾವ ಓದು ಅಡ್ಡ ಬಂತು? ಕೇಳಿದ್ದರೆ ಹೇಳುತ್ತಿದ್ದಳೋ ಇಲ್ಲವೋ, ಅದು ಬೇರೆ. ಕೇಳಲಿಲ್ಲ.

ಅದಾದ ಮೇಲೆ ಹುಡುಗರನ್ನು ಸಾಲಾಗಿ ನಿಲ್ಲಿಸಿ, ಡಾಕ್ಟರ ಜೊತೆ ಬಂದಿದ್ದ ಒಬ್ಬ ಹುಡುಗ ಒಬ್ಬೊಬ್ಬರ ಬಾಯಿಗೂ ಹತ್ತಿಯ ಸುರುಳಿ ಇಟ್ಟ. ಜಗಿಯಿರಿ, ಜಗಿಯಿರಿ ಎಂದ. ಹರ್ಷಿತಳ ಬಾಯಿಗೆ ಇಡಲು ಹೋದಾಗ ಅವನ ಬೆರಳಿನಲ್ಲಿ ರಕ್ತ ಬಂತು. ಹೆಡ್ ಮಾಸ್ಟರು ಅಲ್ಲಿಯೇ ಕೆನ್ನೆಗೆ ಎರಡು ಬಿಟ್ಟರು. ಅವಳು ಅಳಲಿಲ್ಲ. ಕೆನ್ನೆ ಕೆಂಪಾಗಿ ಊದಿತೇ ಹೊರತು ಕಣ್ಣಲ್ಲಿ ಒಂದು ಹನಿ ಬರಲಿಲ್ಲ. ಅದನ್ನೇ ಎಲ್ಲರೂ ಹೇಳಿಕೊಂಡು ತಿರುಗಿದರು, ಕಚ್ಚಿದ್ದಕ್ಕಿಂತ ಹೆಚ್ಚಾಗಿ ಅಳದಿದ್ದುದನ್ನು. ಡಾಕ್ಟರು ಹತ್ತಿಯನ್ನೂ ಪ್ಲಾಸ್ಟಿಕ್ ಶೀಸೆಯನ್ನೂ ಅಜ್ಜಿಯ ಕೈಗೆ ಕೊಟ್ಟು, ಬೆಳಿಗ್ಗೆ ಎದ್ದ ಕೂಡಲೇ, ಮುಖ ತೊಳೆಯುವ ಮೊದಲು, ಮನೆಯಲ್ಲೇ ಜಗಿಸಿ ಕಳಿಸಿ ಎಂದರು. ಮುಖ ತೊಳೆಯುವ ಮೊದಲು, ಹಳಸಿದ ಬಾಯಿಯ ಎಂಜಲು. ಮಾರನೆಯ ಬೆಳಿಗ್ಗೆ ಹಾಸಿಗೆಯ ಮೇಲೆ ಹುಡುಗಿಯನ್ನು ಎಬ್ಬಿಸಿ, "ಬಾಯ್ ತಗಿ ನನ್ ಕೂಸೆ, ಒಂದು ಗಳಿಗೆ," ಎಂದು ಹತ್ತಿ ತೋರಿಸಿದರೆ, ಅವಳು ಎರಡು ಕೈಯಿಂದಲೂ ಮೂಗು ಮುಚ್ಚಿಕೊಂಡು ಗೋಡೆಗೆ ಒತ್ತಿಕೊಂಡು ಕೂತಳು. ಬಾಯಿಗೆ ಇಡುವ ಹತ್ತಿಗೆ ಮೂಗು ಯಾಕೆ ಮುಚ್ಚಿಕೊಳ್ಳುತ್ತಾಳೆ, ಮೊಂಡುತನಕ್ಕೂ ಒಂದು ಮಿತಿ ಬೇಡವೇ ಎಂದು ನಾಗಲಕ್ಷ್ಮಮ್ಮನಿಗೆ ರೇಗಿತು. ಕೊಟ್ಟಿಗೆಯಲ್ಲಿ ಹಸು ಕೂಗುತ್ತಿತ್ತು. ಶಾಲೆಗೆ ಹೊತ್ತಾಗುತ್ತಿತ್ತು. ಶೀಸೆ ಖಾಲಿ ಹೋದರೆ ಅದಕ್ಕೂ ಒಂದು ಮಾತು ಬರುತ್ತದೆ. ಒಂದೇ ಒಲೆಯ ಅನ್ನ ತಿನ್ನುವ ಬಾಯಿ, ಒಂದೇ ರಕ್ತ. ಎಂಜಲಿಗೆ ಯಾರು ಹೆಸರು ಬರೆದಿಟ್ಟಿದ್ದಾರೆ, ಅದನ್ನು ಓದುವುದಕ್ಕೆ? ಹಾಗೆಂದುಕೊಂಡು, ದೀಪ ಹಚ್ಚದ, ದೇವರ ಹೆಸರು ಹೇಳದ ಬಾಯಿಗೆ ತಾನೇ ಆ ಹತ್ತಿಯನ್ನು ಇಟ್ಟುಕೊಂಡು ಜಗಿದಳು. ಹುಡುಗಿ ಗೋಡೆಯ ಮೂಲೆಯಿಂದ ಕಣ್ಣು ಪಿಳುಕಿಸದೆ ನೋಡಿದಳು. ಆಮೇಲೆ ನಾಗಲಕ್ಷ್ಮಮ್ಮ ಬಚ್ಚಲಿನಲ್ಲಿ ಬಾಯಿ ಮುಕ್ಕಳಿಸಿ ಮುಕ್ಕಳಿಸಿ ಉಗುಳಿದಳು. ಅಂದು ದೇವರ ಮುಂದೆ ಕೈಮುಗಿದರೆ ಮಂತ್ರ ನಾಲಗೆಗೆ ಹತ್ತಲಿಲ್ಲ.

ಶ್ರೀರಂಗಪಟ್ಟಣದಲ್ಲಿ ಇಳಿದು ಶಾಲೆಗೆ ಹೋಗಲು ಪೇಟೆ ಬೀದಿ ಹಾಯಬೇಕು. ಮಗ ಶಿವುವಿನ ಅಕ್ಕಸಾಲಿ ಅಂಗಡಿಯನ್ನು ಈಗ ಇನ್ನಾರೋ ಬಾಡಿಗೆಗೆ ಹಿಡಿದು, ಬಣ್ಣಬಣ್ಣದ ಪ್ಲಾಸ್ಟಿಕ್ ಬಿಂದಿಗೆಗಳನ್ನು ಬಾಗಿಲಿಗೆ ನೇತುಹಾಕಿದ್ದಾರೆ. ಅವನು ಅಗ್ಗಿಷ್ಟಿಕೆಯ ಮುಂದೆ ಕೂತು ಊದುಕೊಳವೆ ಊದುತ್ತಿದ್ದ ಜಾಗದಲ್ಲಿ ಕಸಪೊರಕೆಗಳ ಕಟ್ಟು. ಆ ಕಡೆ ನೋಡಬಾರದೆಂದು ಎಷ್ಟು ನಿಶ್ಚಯಿಸಿದರೂ ಕತ್ತು ತಿರುಗಿಯೇ ತಿರುಗುತ್ತದೆ. ಪಾಂಡವಪುರದ ಕಾರ್ಖಾನೆಗೆ ಕಬ್ಬು ಹೊತ್ತುಕೊಂಡು ಹೋಗುತ್ತಿದ್ದ ಟ್ರಾಕ್ಟರು, ಹಿಂದೆ ಒಂದು ಕೆಂಪು ದೀಪವಿಲ್ಲ, ಒಂದು ಚೂರು ಹೊಳೆಯುವ ಕಾಗದವಿಲ್ಲ, ಸಂಜೆ ಮಬ್ಬಿನಲ್ಲಿ ರಸ್ತೆಯ ಮಧ್ಯದಲ್ಲೇ ನಿಲ್ಲಿಸಿ ಡ್ರೈವರು ಬೀಡಿ ಕೊಳ್ಳಲು ಹೋಗಿದ್ದನಂತೆ. ಶಿವು ತನ್ನ ಟಿವಿಎಸ್ ಗಾಡಿಯ ಸಮೇತ ಆ ಕಬ್ಬಿನ ಒಳಗೆ ಹೋದ. ಯಾರನ್ನು ಹಿಡಿದರು, ಯಾರನ್ನು ಕೇಳಿದರು? ಕಬ್ಬು ಒಣಗುತ್ತದೆಂದು ಮಾರನೆಯ ದಿನವೇ ಟ್ರಾಕ್ಟರು ಬಿಟ್ಟರು. ಮಗನನ್ನು ಮಾತ್ರ ಕೊಯ್ದು, ಹೊಲಿದು, ಬಿಳಿ ಬಟ್ಟೆಯಲ್ಲಿ ಸುತ್ತಿ ತಡವಾಗಿ ಕೊಟ್ಟರು. ನಡುಮನೆಯಲ್ಲಿ ಮಲಗಿಸಿದ್ದರು. ಮೂಗಿನ ಎರಡು ಹೊಳ್ಳೆಗೂ ಹತ್ತಿ. ಹೆಂಗಸರ ಗೋಳಿನ ನಡುವೆ ಹರ್ಷಿತ ಯಾವಾಗ ನುಗ್ಗಿ ಬಂದಳೋ ತಿಳಿಯದು. "ಅಪ್ಪ ಹೆಂಗೆ ಉಸ್ರಾಡ್ತಾನೆ, ಹತ್ತಿ ತಗೀರಿ," ಎಂದು ಗಟ್ಟಿಯಾಗಿ ಹೇಳಿದಳು. ಯಾರೂ ತೆಗೆಯಲಿಲ್ಲ. ಅವಳೇ ತೆಗೆದಳು. ಹೊಳ್ಳೆಯಿಂದ ಹತ್ತಿ ಎಳೆದ ಕೂಡಲೇ ಕಪ್ಪಗೆ ಏನೋ ಇಳಿದು ಬಿಳಿ ಬಟ್ಟೆಯ ಮೇಲೆ ಹರಡಿತು. ಯಾರೋ ಕಿರುಚಿದರು. ಸೋದರಮಾವ ಅವಳ ಬೆನ್ನಿಗೆ ಗುದ್ದಿದ. ಮತ್ತೆ ಅವಳು ಬಾಯಿ ತೆರೆದಾಗ ನಾಗಲಕ್ಷ್ಮಮ್ಮ, ಹೆಣದ ಮುಂದೆ ಮಾತಾಡಬಾರದೆಂದು, ತನ್ನ ಅಂಗೈಯಿಂದ ಆ ಬಾಯಿಯನ್ನು ಮುಚ್ಚಿದಳು. ಪುಟ್ಟ ಹಲ್ಲುಗಳು ಅಂಗೈಯೊಳಗೆ ಅಲುಗಾಡಿದ್ದು ಇನ್ನೂ ನೆನಪಿದೆ. ಅಂದು ಕಚ್ಚಲಿಲ್ಲ. ಎಂಥ ಕಲ್ಲೆದೆಯ ಮಗು, ಸತ್ತ ಅಪ್ಪನ ಮೂಗಿಗೆ ಕೈಹಾಕಿತಲ್ಲ ಎಂದು ಬಂದವರೆಲ್ಲ ಮಾತಾಡಿಕೊಂಡು ಹೋದರು. ಸೊಸೆ ಕೈಗೂಸನ್ನು ಎತ್ತಿಕೊಂಡು ನಾಗಮಂಗಲದ ತವರಿಗೆ ಹೋದಳು. ಇವಳನ್ನು ಶಾಲೆಯ ನೆವದಲ್ಲಿ ಇಲ್ಲಿ ಬಿಟ್ಟಳು. ಆಮೇಲೆ ಮನೆಯಲ್ಲಿ ಆ ದಿನದ ಮಾತನ್ನು ಯಾರೂ ಎತ್ತಿಲ್ಲ. ಮಗು ಮರೆಯಲಿ ಎಂದು.

ಶಾಲೆಯ ಜಗಲಿಯ ಮೇಲೆ ಅವರನ್ನು ಬಹಳ ಹೊತ್ತು ಕಾಯಿಸಿದರು. ಒಳಗೆ ಕಾಫಿ ಲೋಟಗಳ ಸದ್ದು. ಜವಾನ ಬಂದು, "ಚಪ್ಲಿ ಈಚೆ ಬುಟ್ಟು ಬನ್ನಿ," ಎಂದ. ಒಳಗಿದ್ದ ಡಾಕ್ಟರ ಕಾಲಲ್ಲಿ ಬೂಟು, ಹೆಡ್ ಮಾಸ್ಟರ ಕಾಲಲ್ಲಿ ಚಪ್ಪಲಿ. ಎರಡು ಕುರ್ಚಿ ಖಾಲಿ ಇದ್ದವು. ಕೂತುಕೊಳ್ಳಿ ಎಂದು ಯಾರೂ ಹೇಳಲಿಲ್ಲ. ಹೆಡ್ ಮಾಸ್ಟರು ಚಲುವರಾಜು, ಶಿವುವಿಗೂ ಪಾಠ ಹೇಳಿದವರು, ಮಗಳ ಮದುವೆಯ ಸರವನ್ನು ಅವನ ಕೈಯಲ್ಲೇ ಮಾಡಿಸಿಕೊಂಡವರು, ಅವಳ ಮುಖ ನೋಡದೆ ಮೇಜಿನ ಮೇಲಿನ ಗಾಜಿನ ಗುಂಡನ್ನು ತಿರುಗಿಸುತ್ತ ಶುರುಮಾಡಿದರು.

"ನೋಡಿ ನಾಗಲಕ್ಷ್ಮಮ್ಮೋರೆ, ನಮ್ಗೇನು ಈ ಹುಡ್ಗಿ ಮೇಲೆ ದ್ವೇಸ ಇಲ್ಲ. ಆದ್ರೆ ಎಷ್ಟು ದಿನ ಅಂತ ತಡ್ಕೊಳಾದು? ಕಂಪಾಸ್ ಬಾಕ್ಸ್‌ನಲ್ಲಿ ಒಂದ್ ಹುಡ್ಗಿ ತಲೆ ಒಡುದ್ಲು. ಪ್ರಾರ್ಥನೆ ವೇಳೇಲಿ ಕಣ್ ಮುಚ್ಚು ಅಂದ್ರೆ ಮುಚ್ಚಲ್ಲ. ಇವ್ರ ಹುಡುಗನ ಬೆಳ್ಳು ಕಚ್ಚುದ್ಲು. ಹೋಗ್ಲಿ ಅಂದ್ರೆ, ಮೊನ್ನೆ ಆ ದಿಲೀಪ, ಕಮಿಟಿ ಮೆಂಬರ್ರ ಮಗ, ಪಾಪ ಕಿವಿ ನೋವು ಅಂತ ಕಿವಿಗೆ ಹತ್ತಿ ಇಟ್ಕೊಂಡ್ ಬಂದಿದ್ದ. ಇವ್ಳು ಹೋಗಿ ಮೇಲೆ ಬಿದ್ದು, ಅವ್ನ ಕಿವಿಯಿಂದ ಆ ಹತ್ತಿ ಕಿತ್ತಾಕವ್ಳೆ. ರಕ್ತ ಬಂತು ಕಿವೀಲಿ. ಅವ್ನೇನೂ ಮಾಡಿರ್ಲಿಲ್ಲ ಇವ್ಳಿಗೆ. ಸುಮ್ನೆ ಕೂತಿದ್ದ. ಯಾವ ಮಗು ಮಾಡ್ತದೆ ಇಂಥ ಕೆಲ್ಸ?"

ನಾಗಲಕ್ಷ್ಮಮ್ಮನಿಗೆ ಒಮ್ಮೆಗೇ ಕಾಲ ಕೆಳಗಿನ ನೆಲ ತಣ್ಣಗಾಯಿತು. ಕಿವಿಯ ಹತ್ತಿ. ಡಾಕ್ಟರ ಹುಡುಗನ ಬೆರಳಿನಲ್ಲಿದ್ದ ಹತ್ತಿ. ಹಾಸಿಗೆಯ ಮೇಲೆ ಎರಡು ಕೈಯಲ್ಲೂ ಮೂಗು ಮುಚ್ಚಿಕೊಂಡು ಗೋಡೆಗೆ ಒತ್ತಿಕೊಂಡಿದ್ದ ಮುಖ. ಇಷ್ಟು ದಿನ ತಾನು ಅಡುಗೆ ಮಾಡಿ ಬಡಿಸಿ, ಜಡೆ ಹಾಕಿ, ನಿಮಿಷಾಂಬೆಗೆ ಹರಕೆ ಹೊತ್ತು, ಪೂಜಾರಿಯ ಕೈಯಲ್ಲಿ ದಾರ ಕಟ್ಟಿಸಿ, ಇಷ್ಟೆಲ್ಲ ಮಾಡಿಯೂ ಇದೊಂದನ್ನು ನೋಡದೆ ಹೋದೆನಲ್ಲ. ಆ ದಿಲೀಪನನ್ನು ಹೊಡೆಯಲು ಹೋದದ್ದಲ್ಲ ಇವಳು. ಹತ್ತಿ ಇಟ್ಟವರು ಸಾಯುತ್ತಾರೆ ಎಂದು ತೆಗೆಯಲು ಹೋದದ್ದು. ಪಕ್ಕದಲ್ಲಿ ನಿಂತ ಹುಡುಗಿಯನ್ನು ನೋಡಿದಳು. ಹರ್ಷಿತ ಗೋಡೆಯ ಮೇಲಿನ ಭೂಪಟವನ್ನು ನೋಡುತ್ತಿದ್ದಳು, ತನಗೆ ಸಂಬಂಧಪಟ್ಟ ಮಾತೇ ಅಲ್ಲ ಎನ್ನುವ ಹಾಗೆ.

"ಡಾಕ್ಟ್ರೆ, ನೀವು ಹೇಳಿ," ಎಂದರು ಹೆಡ್ ಮಾಸ್ಟರು.

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಹೇಳುವುದಕ್ಕೆ ಅವರಿಗೂ ಅಷ್ಟು ಇಷ್ಟವಿರಲಿಲ್ಲವೋ ಏನೋ. "ನೋಡಿ ಅಮ್ಮ, ಭಯ ಆದಾಗ, ದುಃಖ ಆದಾಗ ನಮ್ಮ ದೇಹದಲ್ಲಿ ಒಂದು ಹಾರ್ಮೋನು ಏರುತ್ತೆ. ಒಂದು ತರಹದ ರಸ ಅಂದುಕೊಳ್ಳಿ. ಬೆಳಿಗ್ಗೆ ಎದ್ದಾಗ ಅದು ಎಲ್ಲರಲ್ಲೂ ಹೆಚ್ಚಾಗಿರಬೇಕು. ಎಂಜಲಿನಲ್ಲಿ ಅದು ಕಾಣುತ್ತೆ. ಈ ಮಗುವಿನಲ್ಲಿ ಅದು ತೀರಾ ಕಡಿಮೆ ಇದೆ. ಅಂದರೆ, ಮೈ ಎಚ್ಚರಗೊಳ್ಳೋದೇ ಇಲ್ಲ. ಇಂಥ ಕೆಲವು ಮಕ್ಕಳಿಗೆ ಬೆದರಿಕೆ ನಾಟೋದಿಲ್ಲ, ಶಿಕ್ಷೆ ನಾಟೋದಿಲ್ಲ. ಬೇರೆಯವರ ನೋವು ಕೂಡ ತಟ್ಟೋದು ಕಷ್ಟ ಅಂತ ಈಗ ಕೆಲವರು ಹೇಳ್ತಾ ಇದ್ದಾರೆ. ಇದೊಂದರಿಂದಲೇ ಎಲ್ಲಾ ಹೇಳೋಕೆ ಆಗಲ್ಲ, ಆದರೂ..."

"ಆದ್ರೂ ಏನ್ ಬಂತು, ಕಣ್ಣಿಗೆ ಕಾಣ್ತಾನೆ ಅದಲ್ಲ," ಹೆಡ್ ಮಾಸ್ಟರು ಗಾಜಿನ ಗುಂಡನ್ನು ಮೇಜಿಗೆ ಕುಟ್ಟಿದರು. "ಎದೇಲಿ ಏನೂ ಇಲ್ಲ. ಕೆನ್ನೆಗೆ ಎರಡು ಬುಟ್ರೂ ಅಳ್ಲಿಲ್ಲ. ನಾನು ಹೇಳಿದ್ದು ಅದೇ, ಇವತ್ತು ಸೈನ್ಸೂ ಅದ್ನೇ ಹೇಳ್ತು."

ಮೈ ಎಚ್ಚರಗೊಳ್ಳುವುದೇ ಇಲ್ಲ. ನಾಗಲಕ್ಷ್ಮಮ್ಮ ಆ ಮಾತನ್ನು ತನ್ನ ಮೇಲೆ ಬಿದ್ದ ನೀರಿನಂತೆ ನಿಂತು ಕೇಳಿದಳು. ಅದು ತನ್ನ ಎಂಜಲು. ಎದೆಯಲ್ಲಿ ಏನೂ ಇಲ್ಲದವಳು ತಾನು. ಎದ್ದ ಕೂಡಲೇ ಭಯವೂ ದುಃಖವೂ ಇಲ್ಲದವಳು, ಅರುವತ್ತು ದಾಟಿದ, ಮಗನನ್ನು ಕಳೆದುಕೊಂಡ, ವರ್ಷದ ತಿಥಿ ಇನ್ನೂ ಆಗದ ನಾಗಲಕ್ಷ್ಮಮ್ಮ. ಸಿಟ್ಟು ಮೊಳಕಾಲಿನಿಂದ ಹತ್ತಿತು. ಇವರಿಗೆ ಯಾರು ಕೊಟ್ಟರು ಈ ಅಧಿಕಾರ, ನನ್ನ ಬಾಯಿಯ ನೀರಿನಲ್ಲಿ ನನ್ನ ಮಗನನ್ನು ಹುಡುಕಿ, ಇಲ್ಲ ಎನ್ನುವುದಕ್ಕೆ? ಆದರೆ ಸಿಟ್ಟಿನ ಅಡಿಯಲ್ಲೇ ಇನ್ನೊಂದು ಮಾತು ಸುಮ್ಮನೆ ಕೂತಿತ್ತು. ಅವಳು ಅತ್ತಿಲ್ಲ. ಹೆಣ ಎತ್ತುವಾಗ ಎಲ್ಲರ ಜೊತೆ ಕೂಗಿದ್ದುಂಟು, ಕಣ್ಣು ಒದ್ದೆಯಾಗಿರಲಿಲ್ಲ. ಅಂದಿನಿಂದ ಬೆಳಿಗ್ಗೆ ಎಚ್ಚರವಾದಾಗ ಮೈಯೊಳಗೆ ಏನೂ ಏಳುವುದಿಲ್ಲ. ಕೈ ಹಸುವಿನ ಕೆಚ್ಚಲು ಹುಡುಕುತ್ತದೆ, ಬಾಯಿ ಕಾಳಮ್ಮನ ಹೆಸರು ಹೇಳುತ್ತದೆ, ಅವಳು ಎಲ್ಲೋ ದೂರದಲ್ಲಿ ನಿಂತು ಅದನ್ನು ನೋಡುತ್ತಿರುತ್ತಾಳೆ. ದುಃಖ ಕಡಿಮೆಯಾಗಿ ಅಲ್ಲ. ಉರಿದು ಉರಿದು ಇದ್ದಿಲೆಲ್ಲ ಮುಗಿದಿದೆ. ಅದನ್ನು ಆ ಶೀಸೆ ಹೇಗೆ ಹೇಳೀತು? ಖಾಲಿಯಿದೆ ಎಂದು ಹೇಳೀತು, ಏನು ಉರಿದು ಖಾಲಿಯಾಯಿತೆಂದು ಹೇಳೀತೇ?

ಈಗ ಸುಮ್ಮನಿದ್ದರೆ ಮಾನ ಉಳಿಯುತ್ತದೆ. ಮಡಿಯ ಹೆಂಗಸು, ಆಚಾರಿಗಳ ಮನೆಯ ಯಜಮಾನಿತಿ, ಮುಖ ತೊಳೆಯದ ಬಾಯಲ್ಲಿ ಹತ್ತಿ ಜಗಿದು ಮೋಸ ಮಾಡಿದಳು ಎಂಬ ಮಾತು ಬೀದಿಗೆ ಬರುವುದಿಲ್ಲ. ಹುಡುಗಿಯ ಹೆಸರಿಗೆ ಮಾತ್ರ ಕಲ್ಲೆದೆ ಎಂದು ಬರೆಯುತ್ತಾರೆ. ಒಂದು ಸಲ ಬರೆದರೆ ಯಾವ ಶಾಲೆಯವರು ತೆಗೆದುಕೊಳ್ಳುತ್ತಾರೆ ಇವಳನ್ನು.

"ಅದು ನಂದು," ಎಂದಳು.

"ಏನು?"

"ಆ ಎಂಜ್ಲು ನಂದು ಸ್ವಾಮಿ. ಮಗೀದಲ್ಲ. ಅವ್ಳು ಬಾಯಿ ತಗೀಲಿಲ್ಲ. ನಾನೇ ಅಗುದು ಸೀಸೇಗಾಕ್ದೆ."

ಹೆಡ್ ಮಾಸ್ಟರು ಮೊದಲು ಡಾಕ್ಟರನ್ನು ನೋಡಿದರು, ಆಮೇಲೆ ಅವಳನ್ನು. "ಅಲ್ಲಾ ನಾಗಲಕ್ಷ್ಮಮ್ಮೋರೆ, ದೇವ್ರು ದಿಂಡ್ರು ಅನ್ನೋರು ನೀವು. ಡಾಕ್ಟ್ರಿಗೇ ಟೋಪಿ ಹಾಕುದ್ರಾ?" ಎಂದು, ನಗಬಾರದೆಂದುಕೊಂಡರೂ ನಕ್ಕುಬಿಟ್ಟರು. ಬಾಗಿಲಲ್ಲಿ ನಿಂತಿದ್ದ ಜವಾನನೂ ಬಾಯಿಗೆ ಕೈ ಅಡ್ಡ ಹಿಡಿದ. ಮಧ್ಯಾಹ್ನದೊಳಗೆ ಇದು ಪೇಟೆ ಬೀದಿಯಲ್ಲಿರುತ್ತದೆ, ಸಂಜೆಗೆ ಬಾಬುರಾಯನಕೊಪ್ಪಲಿನಲ್ಲಿ. ಡಾಕ್ಟರು ನಗಲಿಲ್ಲ. ಸುಸ್ತಾದವರಂತೆ ಪೆನ್ನು ತೆಗೆದು, ತಮ್ಮ ಹಾಳೆಯ ಮೇಲೆ ಒಂದು ಅಡ್ಡಗೆರೆ ಎಳೆದರು. "ಮೊದಲೇ ಹೇಳಬೇಕಿತ್ತಮ್ಮ ನೀವು. ನಿಮ್ಮ ವಯಸ್ಸಿನವರದು ನಮ್ಮ ಅಧ್ಯಯನಕ್ಕೆ ಬರೋದಿಲ್ಲ. ಇದನ್ನ ಬಿಟ್ಟುಬಿಡ್ತೀನಿ."

ಬಿಟ್ಟುಬಿಡುತ್ತಾರಂತೆ. ಅಷ್ಟೇ. ಆ ಗೆರೆಯನ್ನು ನೋಡಿದಾಗ ಅವಳ ನಾಚಿಕೆಯೆಲ್ಲ ಎಲ್ಲಿಗೆ ಹೋಯಿತೋ ತಿಳಿಯದು.

"ಯಾಕೆ ಸ್ವಾಮಿ ಬರಾಕಿಲ್ಲ? ಈಗ ತಾನೆ ಹೇಳುದ್ರಲ್ಲ, ಈ ಎಂಜಲ್ನೋಳ್ಗೆ ನೋವು ತಟ್ಟಲ್ಲ ಅಂತ. ಮಗೀದು ಅಂದಾಗ ಇಸ್ಕೂಲ್ನಿಂದ ಈಚೆ ದಬ್ಬೋ ಅಷ್ಟು ದೊಡ್ಡದಾಗಿತ್ತು. ನಂದು ಅಂದ್ ತಕ್ಷಣ ಗೀಟೆಳುದು ಬುಟ್ರಾ? ನನ್ನೂ ಎಲ್ಗಾದ್ರೂ ಕಳುಸ್ರಿ. ನಾನೂ ಕಲ್ಲೆದೆಯೋಳೇ ಅಲ್ವಾ? ಮಗನ್ನ ಮಣ್ಣಿಗಾಕಿ ಬಂದು ಅವತ್ತೇ ಹಸ ಕರುದಿವ್ನಿ."

ಡಾಕ್ಟರ ಪೆನ್ನು ನಿಂತಿತು. "ನಿಮ್ಮ ಮಗ ತೀರಿಕೊಂಡರಾ? ಯಾವಾಗ? ನನಗೆ ಯಾರೂ ಹೇಳಲಿಲ್ಲವಲ್ಲ."

"ನೀವು ಕೇಳ್ಲಿಲ್ಲ. ಜಾಗ ಇಕ್ಕಟ್ಟಾ ಅಂತ ಕೇಳುದ್ರಿ."

ಡಾಕ್ಟರು ಹೆಡ್ ಮಾಸ್ಟರ ಕಡೆ ತಿರುಗಿದರು. ಹೆಡ್ ಮಾಸ್ಟರು ಕಿಟಕಿಯ ಕಡೆ ನೋಡಿದರು. ಆಗ ಅವಳು ಹೇಳಿದಳು, ನಿಂತಲ್ಲೇ, ಯಾರಿಗೆ ಹೇಳುತ್ತಿದ್ದೇನೆಂದು ನೋಡದೆ: ನಡುಮನೆ, ಮೂಗಿನ ಹತ್ತಿ, ಅದನ್ನು ಎಳೆದ ಕೈ, ಗುದ್ದಿದ ಮಾವ, ಬಾಯಿ ಮುಚ್ಚಿದ ತನ್ನ ಅಂಗೈ. "ಆ ಹುಡುಗನ್ ಕಿವೀಗೆ ಹತ್ತಿ ಕಂಡಾಗ ಇವ್ಳಿಗೆ ಏನ್ ಅನ್ನುಸ್ತು ಅಂತ ಕೇಳುದ್ರಾ ಮೇಷ್ಟ್ರೆ? ಕೆನ್ನೆಗೆ ಹೊಡುದ್ರಿ. ಬಾಯ್ ತಗುದ್ರೆ ಹತ್ತಿ ತುರುಕ್ತಾರೆ, ಇಲ್ಲ ಕೈ ಮುಚ್ತಾರೆ. ಏನಾದ್ರೂ ಯೋಳ್ತಾಳಾ ಅಂತ ಒಬ್ರೂ ಕಾದು ನೋಡ್ಲಿಲ್ಲ. ನಾನೂ ನೋಡ್ಲಿಲ್ಲ."

ಮೊದಲು ಮಾತಾಡಿದವರು ಹೆಡ್ ಮಾಸ್ಟರು. ದನಿ ಇಳಿದಿತ್ತು, ಆದರೆ ಮಾತು ಅದೇ. "ಸರಿ ಅಮ್ಮ, ನಂಗೂ ಬೇಜಾರೇ. ಶಿವು ನನ್ ಶಿಷ್ಯ. ಆದ್ರೆ ಕಮಿಟಿಯೋರಿಗೆ ನಾನ್ ಏನ್ ಹೇಳ್ಲಿ? ನಾಳೆ ಇನ್ನೊಂದ್ ಮಗೀಗೆ ಹತ್ತಿ ಕಂಡ್ರೆ? ಯಾರು ಜವಾಬ್ದಾರಿ? ಡಾಕ್ಟ್ರು ಇನ್ನೊಂದ್ ಸಲ ಪರೀಕ್ಷೆ ಮಾಡ್ಲಿ, ಅಲ್ಲೀವರ್ಗೆ ಮನೇಲಿಟ್ಕಳಿ."

"ಮಾಡಬಹುದು," ಎಂದರು ಡಾಕ್ಟರು, ಮತ್ತೆ ತಮಗೇ ಬೇಡವೆನ್ನಿಸಿದಂತೆ, "ಇವತ್ತು ಬೇಡ. ಹತ್ತಿಯೂ ಬೇಡ," ಎಂದು ಚೀಲದ ಬಾಯಿ ಕಟ್ಟಿದರು.

"ಮನೇಲಿ ಇಟ್ಕೊಳಲ್ಲ," ಎಂದಳು ನಾಗಲಕ್ಷ್ಮಮ್ಮ. "ಇವತ್ತೇ ಕ್ಲಾಸ್ನಲ್ಲಿ ಕೂತ್ಕೋತಾಳೆ. ಜವಾಬ್ದಾರಿ ನಂದು. ಪಕ್ಕದಲ್ಲಿ ನಾನೂ ಕೂತ್ಕೋತೀನಿ."

"ನಾಕ್ನೇ ಕ್ಲಾಸ್ನಲ್ಲಾ?"

"ನಾನು ಓದಿರೋದು ಮೂರ್ನೇ ಕ್ಲಾಸು. ಒಂದ್ ಮೇಲಕ್ಕೋದಂಗಾಯ್ತು."

ಹೆಡ್ ಮಾಸ್ಟರು ಏನೋ ಹೇಳುವಷ್ಟರಲ್ಲಿ ಅವಳು ಹುಡುಗಿಯ ಕೈ ಹಿಡಿದು ಹೊರಗೆ ನಡೆದಿದ್ದಳು. ತಡೆಯಬೇಕಾದರೆ ಮುದುಕಿಯ ರಟ್ಟೆಗೆ ಕೈಹಾಕಬೇಕು. ಜವಾನ ಹೆಡ್ ಮಾಸ್ಟರ ಮುಖ ನೋಡಿದ, ಹೆಡ್ ಮಾಸ್ಟರು ಡಾಕ್ಟರ ಮುಖ ನೋಡಿದರು. ಯಾರೂ ಏಳಲಿಲ್ಲ.

ಕ್ಲಾ‌ಸಿನಲ್ಲಿ ಪವಿತ್ರ ಮಿಸ್ಸು ಮಗ್ಗಿ ಹೇಳಿಸುತ್ತಿದ್ದಳು. ಅಜ್ಜಿಯನ್ನು ಕಂಡು ಮಕ್ಕಳ ದನಿ ಒಂದೊಂದಾಗಿ ನಿಂತಿತು. ಯಾವನೋ ಒಬ್ಬ ಕಿಸಕ್ಕೆಂದ. ಹಿಂದಿನ ಸಾಲಿನಲ್ಲಿ ಹರ್ಷಿತಳ ಬೆಂಚು. ಅದರಲ್ಲಿ ಇನ್ನಾರೂ ಇಲ್ಲ, ಕೂರಲು ಯಾರನ್ನೂ ಬಿಟ್ಟಿರಲಿಲ್ಲ. ಮಕ್ಕಳ ಬೆಂಚು, ಬಹಳ ತಗ್ಗು. ನಾಗಲಕ್ಷ್ಮಮ್ಮ ಮೊಣಕಾಲು ಹಿಡಿದು, ಸೀರೆ ಒತ್ತರಿಸಿ, ಮೊಮ್ಮಗಳ ಪಕ್ಕಕ್ಕೆ ಒತ್ತಿಕೊಂಡು ಕೂತಳು. ಮಿಸ್ಸು ಚಿಕ್ಕ ವಯಸ್ಸಿನವಳು, ಹೊಸದಾಗಿ ಸೇರಿದವಳು. ಏನು ಮಾಡಬೇಕೆಂದು ತಿಳಿಯದೆ ಕೈಯಲ್ಲಿದ್ದ ಮರದ ಸ್ಕೇಲನ್ನು ಮೇಜಿಗೆ ಬಡಿದು, "ಯೇ, ಇತ್ಲಾಗ್ ನೋಡಿ, ಏಳೊಂದ್ಲೆ," ಎಂದಳು.

ಸ್ಕೇಲಿನ ಸದ್ದಿಗೆ ನಾಗಲಕ್ಷ್ಮಮ್ಮನ ತೊಡೆಗೆ ಏನೋ ತಾಗಿತು. ಮೊದಲು ಬೆಂಚು ಅಲುಗಿತೆಂದುಕೊಂಡಳು. ಬೆಂಚಲ್ಲ. ತನಗೆ ಅಂಟಿ ಕೂತ ಹರ್ಷಿತಳ ತೊಡೆ, ಸೊಂಟ, ಪಕ್ಕೆ, ಎಲ್ಲ ಒಟ್ಟಿಗೆ ನಡುಗುತ್ತಿದ್ದವು. ಚಳಿಯ ನಡುಕದ ಹಾಗೆ ದೊಡ್ಡದಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣಗೆ, ಬಿಡುವಿಲ್ಲದೆ, ತಂತಿಯನ್ನು ಮೀಟಿ ಬಿಟ್ಟ ಮೇಲೆ ಅದು ತನ್ನಷ್ಟಕ್ಕೆ ನಡುಗುವ ಹಾಗೆ. ತಿರುಗಿ ನೋಡಿದಳು. ಹುಡುಗಿಯ ಮುಖದಲ್ಲಿ ಏನೂ ಇಲ್ಲ. ಕಣ್ಣು ಕಪ್ಪು ಹಲಗೆಯ ಮೇಲೆ ನೆಟ್ಟಿದೆ, ತುಟಿ ಏಳರ ಮಗ್ಗಿ ಹೇಳುತ್ತಿದೆ. ಒಂದು ಗೇಣು ದೂರ ಸರಿದು ನೋಡಿದರೆ ಕಲ್ಲು. ಎಲ್ಲರೂ ನೋಡಿದ್ದು ಆ ಒಂದು ಗೇಣು ದೂರದಿಂದ. ಮೇಷ್ಟ್ರು ಮೇಜಿನ ಆಚೆಯಿಂದ, ಡಾಕ್ಟರು ಮೈಸೂರಿನಿಂದ, ತಾಯಿ ನಾಗಮಂಗಲದಿಂದ. ತಾನು ಒಂದೇ ಸೂರಿನ ಕೆಳಗೆ, ಬೇರೆ ಚಾಪೆಯಿಂದ. ಎಷ್ಟು ದಿನದಿಂದ ಹೀಗೆ ನಡುಗುತ್ತಿದ್ದಾಳೆ ಇವಳು, ಊಟ ಮಾಡುವಾಗ, ಬಸ್ಸಿನ ಕಿಟಕಿಯ ಪಕ್ಕ, ಕೆನ್ನೆಗೆ ಹೊಡೆಸಿಕೊಳ್ಳುವಾಗ? ಈ ನಡುಕವನ್ನು ಅಳೆಯಲು ನಾಲ್ಕು ತಾಲ್ಲೂಕು ಸುತ್ತಿದರಲ್ಲ, ಒಬ್ಬರಾದರೂ ಪಕ್ಕದಲ್ಲಿ ಕೂರಬಾರದಿತ್ತೇ.

ಅವಳು ಸೆರಗನ್ನು ಬಿಡಿಸಿ ಹುಡುಗಿಯ ಬೆನ್ನಿನ ಸುತ್ತ ತಂದು ಇನ್ನಷ್ಟು ಒತ್ತಿಕೊಂಡಳು. ನಡುಕ ನಿಲ್ಲಲಿಲ್ಲ. ಸ್ವಲ್ಪ ಹೊತ್ತಿಗೆ ಅದು ಯಾರ ಮೈಯಿಂದ ಬರುತ್ತಿದೆ ಎಂದು ಅವಳಿಗೇ ತಿಳಿಯದಂತಾಯಿತು.

ಬೆಲ್ಲು ಹೊಡೆಯಿತು. ಮಕ್ಕಳು ದಡದಡ ಹೊರಗೆ ಓಡಿದರು. ಪವಿತ್ರ ಮಿಸ್ಸು ಹತ್ತಿರ ಬಂದು, ಮೆಲ್ಲಗೆ, "ಅಜ್ಜಿ, ಇನ್ ಸಾಕಲ್ವಾ, ಏಳಿ. ಹೆಡ್ ಮಾಸ್ಟ್ರು ನಂಗೆ ಬಯ್ತಾರೆ," ಎಂದಳು.

"ಇಲ್ಲ ಕಣವ್ವ," ಎಂದಳು ನಾಗಲಕ್ಷ್ಮಮ್ಮ, ಮೊಮ್ಮಗಳ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಳ್ಳುತ್ತ. "ನೀನೂ ಬಾ, ಈ ಕಡೆ ಜಾಗ ಅದೆ. ಕೂತ್ಕೊಂಡು ನೋಡು."